ಅಡ್ಡ ನಿಲ್ಲುವವನು

ಟಿರೋಲಿನ ಬೆಟ್ಟಗಳಲ್ಲಿ ಸ್ಕೀಗೆ ಹೊರಡುವ ಪ್ರತಿ ಗುಂಪಿನಲ್ಲೂ ಆಲೋಯಿಸನಂಥ ಒಬ್ಬ ಇದ್ದೇ ಇರುತ್ತಾನೆ. ಹಿಟ್ಟಿನಂಥ ಹೊಸ ಹಿಮ ಬಿದ್ದು, ಗೆಳೆಯರು ತುದಿಗಾಲಲ್ಲಿ ನಿಂತಿದ್ದರೂ ಅವನಿಗೆ ಅವಸರವಿಲ್ಲ. ಸ್ವಂತ ಅತ್ತೆಯನ್ನು ನಂಬಿಯಾನು, ಹಿಮವನ್ನು ನಂಬಲಾರ. ಇಳಿಜಾರನ್ನು ಕೋಲಿನಿಂದ ಚುಚ್ಚಿ ವೈದ್ಯನಂತೆ ತಲೆಯಾಡಿಸುತ್ತಾನೆ. ಆಮೇಲೆ ದಾರಿಗೆ ಅಡ್ಡ ನಿಂತು, ಹಿಮದಡಿ ಹೂತವರನ್ನು ಹುಡುಕಲೆಂದು ಎಲ್ಲರೂ ಎದೆಗೆ ಕಟ್ಟಿಕೊಂಡ ಯಂತ್ರದ ಕೂಗು ತನ್ನ ಯಂತ್ರದಲ್ಲಿ ಕೇಳಿಸಿದ ಮೇಲಷ್ಟೇ ಒಬ್ಬೊಬ್ಬರನ್ನು ಬಿಡುತ್ತಾನೆ. "ಹಿಮ ಕರಗೋದ್ರೊಳಗೆ ಬಿಡ್ತೀಯೇನೋ, ಯಜಮಾನ?" ಎಂದು ಗುಂಪಿನ ಗೆಳತಿ ವ್ರೋನಿ ರೇಗಿಸಿದರೆ, "ಬದುಕಿದ್ರೆ ತಾನೇ ಬೈಯೋದು, ಹೋಗೇ" ಎನ್ನುತ್ತಾನೆ. ಕೊನೆಗೆ ಇಳಿಯುವವನು ಅವನೇ. ಒಂದು ದಿನ ಹಾಗೆ ಅವನು ಸೊಂಟದೆತ್ತರದ ಹಿಮವನ್ನು ಹೊಗೆಯಂತೆ ಎಬ್ಬಿಸುತ್ತ ಬರುವಾಗ, ಮೇಲೆ ಇಳಿಜಾರು ಧಡ್ಡೆಂದು ಬಿರಿಯಿತು. ಕೆಳಗಿದ್ದವರೆಲ್ಲ ತಂತಮ್ಮ ಯಂತ್ರಗಳನ್ನು ಹುಡುಕಾಟಕ್ಕೆ ತಿರುಗಿಸಿದರು. ಹಿಮರಾಶಿ ಅವನ ಬೆನ್ನಿಗೆ ತಾಗುವಂತೆ ಹಾದು ಕಣಿವೆಗೆ ಬಿತ್ತು. ಗಡ್ಡದ ತುಂಬ ಹಿಮ ಮೆತ್ತಿಕೊಂಡು ಆಲೋಯಿಸ್ ನಗುತ್ತ ಬಂದು ನಿಂತ. ಯಾರೂ ನಗಲಿಲ್ಲ. ವ್ರೋನಿ ತನ್ನ ಯಂತ್ರವನ್ನು ಅವನ ಎದೆಗೆ ಒತ್ತಿಹಿಡಿದಳು, ಅದು ತೆಪ್ಪಗಿತ್ತು. ಕೇಳಲು ತಿರುಗಿಸಿದ ಯಂತ್ರ ತಾನು ಕೂಗುವುದಿಲ್ಲ; ಎಲ್ಲರ ಕೂಗು ಕೇಳಲೆಂದು ತಿರುಗಿಸಿದ ಗುಂಡಿಯನ್ನು ಅವನು ಮತ್ತೆ ಹಿಂದಕ್ಕೆ ತಿರುಗಿಸಿರಲೇ ಇಲ್ಲ. ಇಷ್ಟು ವರ್ಷ ಅವನಿಗೆ ಅಡ್ಡ ನಿಂತವರೂ ಇರಲಿಲ್ಲ. "ಇದರ ಪ್ರಕಾರ," ಎಂದಳು ವ್ರೋನಿ, "ನೀನು ಇಲ್ಲಿ ಇಲ್ವೇ ಇಲ್ಲ ಕಣೋ."