ಎಂಟು ಮಡಿಕೆಯ ಮೂವತ್ತೆಂಟು

ಕಳೆದ ವಾರ ಮಗಳಿಗೆ ಕೈವಾರ ಬೇಕೆಂದು ಅಟ್ಟದಿಂದ ನನ್ನ ಹಳೆಯ ಜಾಮಿಟ್ರಿ ಬಾಕ್ಸ್ ಇಳಿಸಿದೆ. ಮುಚ್ಚಳ ತೆಗೆದರೆ ತುಕ್ಕಿನ ವಾಸನೆ, ತಳದಲ್ಲಿ ಎಂಟು ಮಡಿಕೆಯ ಒಂದು ಹಾಳೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು. ಎಸೆಯುವುದಕ್ಕೂ ಧೈರ್ಯವಿಲ್ಲದೆ, ಬಿಡಿಸಿ ನೋಡುವುದಕ್ಕೂ ಧೈರ್ಯವಿಲ್ಲದೆ ಇಟ್ಟದ್ದು.

ನಾನಾಗ ಒಂಬತ್ತನೇ ಕ್ಲಾಸು. ಮನೆ ಶ್ರೀರಾಂಪುರ, ಅಪ್ಪನ ತರಕಾರಿ ಅಂಗಡಿ ಮಲ್ಲೇಶ್ವರಂ ಮಾರ್ಕೆಟ್ಟಿನ ಪಕ್ಕ. ಸಂಜೆ ಮೂಟೆಗಳ ಮೇಲೆ ಕೂತು ಗಣಿತ ಬಿಡಿಸುತ್ತಿದ್ದೆ. ಕ್ಲಾಸಿಗೇ ಫಸ್ಟ್ ಅಂತ ಗಿರಾಕಿಗಳಿಗೂ ತಿಳಿಯಬೇಕಲ್ಲ! ಹುರುಳಿಕಾಯಿಯನ್ನು ಒಂದೊಂದಾಗಿ ಮುರಿದು ನೋಡಿ ಆರಿಸುತ್ತಿದ್ದ ವಿಮಲಾ ಮೇಡಂ ಹತ್ತಿರದ ಡಿಗ್ರಿ ಕಾಲೇಜಿನಲ್ಲಿ ಗಣಿತದ ಲೆಕ್ಚರರ್. ಒಂದು ದಿನ ನನ್ನ ನೋಟ್‌ಬುಕ್ಕಿನತ್ತ ಬಗ್ಗಿ, "ಶನಿವಾರ ಸ್ಕೂಲು ಅರ್ಧ ದಿನ ಅಲ್ವೇನೇ? ನಮ್ಮ ಕ್ಲಾಸಿಗೆ ಬಂದ್ಬಿಡು. ಹಿಂದಿನ ಬೆಂಚಲ್ಲಿ ಕೂತ್ಕೋ" ಎಂದರು.

"ಅಷ್ಟು ದೊಡ್ಡೋರ್ ಮಧ್ಯೆ ಇವಳೇನ್ ಮಾಡ್ತಾಳೆ ಮೇಡಂ?" ಎಂದು ಅಪ್ಪ ನಕ್ಕರು. ಆದರೂ ಕಳಿಸಿದರು.

ಎರಡು ಜಡೆ, ರಿಬ್ಬನ್ನು, ಯೂನಿಫಾರಂ ತೊಟ್ಟು ಡಿಗ್ರಿಯವರ ಹಿಂದೆ ಕೂತ ನನ್ನನ್ನು ನೀವು ನೋಡಬೇಕಿತ್ತು. ಶಾಲೆಯಲ್ಲಿ ಉತ್ತರ ಪುಸ್ತಕದ ಕೊನೆಯ ಪುಟದಲ್ಲಿ ಇದ್ದೇ ಇರುತ್ತಿತ್ತು. ಇಲ್ಲಿ ಮೇಡಂ ಸೀಮೆಸುಣ್ಣ ಹಿಡಿದು ನಿಂತು, "ಇದು ನನಗೂ ಹೊಳೀತಿಲ್ಲ, ಯೋಚ್ನೆ ಮಾಡೋಣ" ಎನ್ನುತ್ತಿದ್ದರು. ಕಾಲೇಜಿನ ಪಾಠ ಮೊದಲೇ ಕಲಿತರೆ ಮುಂದೆ ಸುಲಭ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಸಿಕ್ಕ ಲಾಭವೇ ಬೇರೆ. ಗೊತ್ತಿಲ್ಲದೆ ಒದ್ದಾಡುವುದರಲ್ಲೂ ಸುಖವಿದೆ ಎಂದು ತಿಳಿದದ್ದು ಆ ಶನಿವಾರಗಳಲ್ಲಿ.

ನಾಲ್ಕು ತಿಂಗಳಾದ ಮೇಲೆ ಟೆಸ್ಟು. ನನಗೂ ಪೇಪರ್ ಕೊಟ್ಟರು. ತಿದ್ದಿ ಬಂದಾಗ ನೂರಕ್ಕೆ ಮೂವತ್ತೆಂಟು. ತೊಂಬತ್ತಕ್ಕಿಂತ ಕೆಳಗೆ ಇಳಿದೇ ಗೊತ್ತಿಲ್ಲದ ಜಂಬಗಾತಿಗೆ ಕಣ್ಣು ಕತ್ತಲಿಟ್ಟಿತು. ಮೇಡಂ ಏನೋ ಹೇಳಲು ಕರೆದರು. ನಾನು ಹಾಳೆ ಮಡಚಿಕೊಂಡು ಓಡಿಬಂದೆ.

ಮತ್ತೆ ಹೋಗಲಿಲ್ಲ. ಅವರು ಅಂಗಡಿಗೆ ಬಂದಾಗ ಮೂಟೆಗಳ ಹಿಂದೆ ಅಡಗಿ, "ಹುಷಾರಿಲ್ಲ ಮೇಡಂ" ಎಂದು ಅಪ್ಪನ ಬಾಯಲ್ಲಿ ಸುಳ್ಳು ಹೇಳಿಸಿದೆ. ಮೂರು ವಾರ ವಿಚಾರಿಸಿದರು. ನಾಲ್ಕನೆಯ ವಾರ ಹುರುಳಿಕಾಯಿ ಆರಿಸಿಕೊಂಡು ಸುಮ್ಮನೆ ಹೊರಟುಹೋದರು. ಅವರು ಹಾಗೆ ವಿಚಾರಿಸದೆ ಹೋದದ್ದು ಇಂದಿಗೂ ನೋಯುತ್ತದೆ. ಮುಂದೆ ಕಾಮರ್ಸ್ ತೆಗೆದುಕೊಂಡೆ. ಬದುಕೇನೂ ಕೆಟ್ಟಿಲ್ಲ, ಆದರೆ ಅಷ್ಟು ಪ್ರೀತಿಸಿದ ಗಣಿತದ ಕಡೆ ತಲೆ ಹಾಕಲಿಲ್ಲ. ಮೇಡಂ ರಿಟೈರಾಗಿ ಎಲ್ಲಿಗೆ ಹೋದರೋ, ವಿಚಾರಿಸುವ ಮುಖವೂ ನನಗಿರಲಿಲ್ಲ.

ಈಗ ಮಗಳ ಶಾಲೆಯಲ್ಲೂ ಕಾಲೇಜು ಮಟ್ಟದ ಕೋರ್ಸಿಗೆ ಫಾರಂ ಕೊಟ್ಟಿದ್ದಾರೆ. "ಬೇಡಮ್ಮಾ, ಅಲ್ಲಿ ಮಾರ್ಕ್ಸ್ ಕಮ್ಮಿ ಬರತ್ತೆ. ನಾನು ಟಾಪರ್ ಅಲ್ವಾ" ಎಂದು ಎರಡು ದಿನದಿಂದ ಅವಳ ರಾಗ. ನಾನು ಮಡಿಸಿದ ಹಾಳೆಯನ್ನೇ ಅವಳ ಕೈಗಿಟ್ಟೆ. "ನೋಡು, ನಿಮ್ಮಮ್ಮನ ಮಾರ್ಕ್ಸು."

ನಕ್ಕಾಳೆಂದುಕೊಂಡಿದ್ದೆ. ಅವಳು ಹಾಳೆಯನ್ನು ಮೆಲ್ಲಗೆ ಬಿಡಿಸಿ, ತಿರುಗಿಸಿ, ಹಿಂಬದಿಯಲ್ಲಿ ಕೆಂಪು ಶಾಯಿಯಲ್ಲಿದ್ದುದನ್ನು ಗಟ್ಟಿಯಾಗಿ ಓದಿದಳು: "ಇಡೀ ಕ್ಲಾಸಿಗೆ ಎರಡನೆಯವಳು ನೀನು. ಮುಂದಿನ ಶನಿವಾರ ತಪ್ಪದೆ ಬಾ."

ನಾನು ಇಷ್ಟು ವರ್ಷ ಆ ಬದಿಯನ್ನು ನೋಡಿಯೇ ಇರಲಿಲ್ಲ.

"ಅಮ್ಮಾ, ಹೋದ್ಯಾ ಆ ಶನಿವಾರ?"

"ಇಲ್ಲ" ಎಂದೆ.

ಅವಳು ಫಾರಂ ಎಳೆದುಕೊಂಡು ತನ್ನ ಹೆಸರು ಬರೆಯತೊಡಗಿದಳು.