ಎಸ್ತೇರವ್ವನ ಗಂಡ ಹೊಡೆಯಲಿಲ್ಲ

ಚಿತ್ತಾಪುರದ ಮಿಶನ್ ಶಾಲೆಯ ಸುವಾರ್ತಪ್ಪ ಮಾಸ್ತರರಿಗೆ, ಬರೆಯುವುದು ದೇವರು ತಮಗೆ ಒಪ್ಪಿಸಿದ ಕೆಲಸ ಎಂಬ ನಂಬಿಕೆ ಮೂವತ್ತು ತುಂಬುವ ಮೊದಲೇ ಬಂದಿತ್ತು. ಯಾರ ಮುಂದೆಯೂ ಅದನ್ನು ಹೇಳಿಕೊಂಡವರಲ್ಲ. ನಿಜಾಮರ ರಾಜ್ಯ, ಕಚೇರಿಯೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಕನ್ನಡದಲ್ಲಿ ಬರೆದರೆ ಓದುವವರು ಯಾರು ಎಂದು ಜೊತೆಯ ಮಾಸ್ತರರೇ ನಗುತ್ತಿದ್ದರು. ಅವರ ಸಭೆಯಲ್ಲಿ ಅಕ್ಷರ ಬಲ್ಲವರು ಹತ್ತು ಮಂದಿಯೂ ಇರಲಿಲ್ಲ.

ಬೆಳಿಗ್ಗೆ ಹೆಂಡತಿ ಮಾರ್ಥಮ್ಮ ರೊಟ್ಟಿ ಬಡಿಯುತ್ತಿರುವಾಗ ಅವರು ಅಡುಗೆಮನೆಯ ಹೊಸ್ತಿಲ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದರು. ಹೊಗೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಶಾಲೆಯ ಗಂಟೆ ಬಾರಿಸಿದರೆ ಅರ್ಧ ಮಾತಿನಲ್ಲೇ ಏಳಬೇಕು. ಸರಹದ್ದಿನಾಚೆ, ಇಂಗ್ರೇಜಿ ಮುಲುಕಿನಿಂದ ತಿಂಗಳಿಗೊಮ್ಮೆ ಬರುವ ಒಂದು ಕ್ರೈಸ್ತ ಪತ್ರಿಕೆಗೆ ಆರು ವರ್ಷ ಬರೆದು ಕಳಿಸಿದ್ದರು. ಅಚ್ಚಾದದ್ದು ಎರಡೇ, ಅದೂ ಹೆಸರಿಲ್ಲದೆ. ಉಳಿದವು ಎಲ್ಲಿ ಹೋದವೋ ಗೊತ್ತಿಲ್ಲ.

ಸಾವಿರದ ಒಂಬೈನೂರ ಮೂವತ್ತೈದರ ಮಳೆಗಾಲದಲ್ಲಿ ದಂಡೋತಿಯ ಎಸ್ತೇರವ್ವ ತೀರಿಕೊಂಡಳು. ಸುತ್ತಲ ಹತ್ತು ಹಳ್ಳಿಗೆ ಸೂಲಗಿತ್ತಿಯಾಗಿದ್ದವಳು, ನಡುವಯಸ್ಸಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತಳಾದವಳು. ಗಂಡ ಹಣಮಪ್ಪ ಮಾತ್ರ ಮನೆದೇವರನ್ನು ಬಿಡಲಿಲ್ಲ. ಹಾಗಂತ ಹೆಂಡತಿಯನ್ನು ತಡೆಯಲೂ ಇಲ್ಲ. ಕಾಗಿಣಾ ಹೊಳೆ ತುಂಬಿ ಹರಿಯುವಾಗ ತಾನೇ ಹರಗೋಲು ಹಾಕಿ ಅವಳನ್ನು ಆಚೆ ದಡದ ಬಾಣಂತಿಯರ ಮನೆಗೆ ದಾಟಿಸುತ್ತಿದ್ದ. ಆದಿತ್ಯವಾರ ಪ್ರಾರ್ಥನೆಯ ಮನೆಯತನಕ ಅವಳೊಂದಿಗೆ ಬಂದು, ಮುಗಿಯುವವರೆಗೆ ಹೊರಗೆ ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದ. ಮಾಸ್ತರರು ಇದನ್ನೆಲ್ಲ ಕಣ್ಣಾರೆ ಕಂಡವರು. ಅವಳ ಚರಿತ್ರೆಯನ್ನು ಎರಡು ತಿಂಗಳು ಕೂತು ಬರೆದರು. ಇದು ತಾವು ಬರೆದದ್ದರಲ್ಲೆಲ್ಲ ಒಳ್ಳೆಯದು ಎಂದು ಅವರಿಗೇ ಅನ್ನಿಸಿತ್ತು.

ಪತ್ರಿಕೆಯ ಸಂಪಾದಕ ಪಾದ್ರಿಯವರಿಂದ ಮೊದಲ ಸಲ ಕಾಗದ ಬಂತು. ಬರಹ ಸೊಗಸಾಗಿದೆ, ಹೆಸರು ಹಾಕಿ ಅಚ್ಚು ಮಾಡುತ್ತೇವೆ. ಆದರೆ ಈ ಗಂಡನ ಸಂಗತಿಯಿಂದ ಓದುವವರು ಏನು ಕಲಿಯಬೇಕು? ನಂಬಿದವಳು ಮನೆಯಲ್ಲಿ ಕಷ್ಟ ಪಡಲೇ ಇಲ್ಲವೇ? ಸ್ವಲ್ಪ ಯೋಚಿಸಿ ತಿದ್ದಿ ಕಳಿಸಿರಿ ಎಂದಿತ್ತು.

ಮಾಸ್ತರರು ನಾಲ್ಕು ದಿನ ಯೋಚಿಸಿದರು. ಐದನೆಯ ದಿನ ಹರಗೋಲು ಮತ್ತು ಬೇವಿನ ಗಿಡವನ್ನು ತೆಗೆದು, ಅಲ್ಲಿ ಒಂದು ವಾಕ್ಯ ಸೇರಿಸಿದರು: ‘ಗಂಡನು ಪ್ರತಿದಿನ ಹೊಡೆದರೂ ಆಕೆ ತನ್ನ ಪ್ರಾರ್ಥನೆಯನ್ನು ಬಿಡಲಿಲ್ಲ.’ ಶುದ್ಧಪ್ರತಿ ಮಾಡುವಾಗ ಗಟ್ಟಿಯಾಗಿ ಓದಿಕೊಳ್ಳುವುದು ಅವರ ರೂಢಿ. ಮಾರ್ಥಮ್ಮನ ಕೈ ಹಿಟ್ಟಿನಲ್ಲೇ ನಿಂತಿತು.

“ಹಣಮಪ್ಪಗ ಕೇಳೀರೇನು?” ಎಂದಳು.

ಇದರಿಂದ ಎಷ್ಟೋ ಮಂದಿಗೆ ಧೈರ್ಯ ಬರುತ್ತದೆ, ಹೇಗೂ ಹಣಮಪ್ಪನಿಗೆ ಓದಲು ಬರುವುದಿಲ್ಲ ಎಂದು ಇವರು ಹೇಳಿದರು. ಆ ಎರಡನೆಯ ಮಾತು ಬಾಯಿಂದ ಬಿದ್ದ ಕೂಡಲೇ ನಾಚಿಕೆಯಾಯಿತು. ಆದರೂ ಲಕೋಟೆಯನ್ನು ಅಂಚೆಗೆ ಹಾಕಿದರು.

ಪತ್ರಿಕೆ ಬಂತು. ಮೊದಲ ಪುಟದಲ್ಲೇ ಅವರ ಹೆಸರು. ವಾಡಿಯ ರೈಲ್ವೆ ಕ್ರೈಸ್ತರು ಅಭಿನಂದಿಸಿ ಕಾಗದ ಬರೆದರು, ಸೇಡಂನ ಉಪದೇಶಿ ಅದನ್ನು ಸಭೆಯಲ್ಲಿ ಓದಿಸಿದರು. ತಿಂಗಳೊಪ್ಪತ್ತು ಮಾಸ್ತರರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಹಣಮಪ್ಪ ಶಾಲೆಗೆ ಬಂದ. ದಂಡೋತಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಗುರುಲಿಂಗಯ್ಯನವರು ಅದನ್ನು ಓದಿ ಹೇಳಿದ್ದರಂತೆ. ಹೆಂಡತಿಯ ಹೆಸರು ಪುಸ್ತಕದಲ್ಲಿ ಬಂದಿದೆ ಎಂದು ತಾನೇ ಕೇಳಿಕೊಂಡು ಓದಿಸಿದ್ದನಂತೆ. ಒಳಗೆ ಕರೆದರೂ ಬರಲಿಲ್ಲ. ಅಂಗಳದಲ್ಲಿ ನಿಂತು, ಟವಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದ:

“ನಾ ಆಕಿ ಮ್ಯಾಲ ಯಾವಾಗ ಕೈ ಎತ್ತೀನ್ರಿ ಮಾಸ್ತರ? ನೀವ ಹೇಳ್ರಿ. ನನಗ ನೆನಪಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ಆತ ನಿಜವಾಗಿಯೂ ಕೇಳುತ್ತಿದ್ದ. ಅಚ್ಚಾದದ್ದು ಸುಳ್ಳಿರಲಾರದು, ತನಗೇ ಮರೆತಿರಬೇಕು ಎಂದು ಆ ಮುದುಕ ಹಲವು ದಿನ ತಲೆ ಕೆಡಿಸಿಕೊಂಡಿದ್ದ.

“ನೀ ಹೊಡೆದಿಲ್ಲ ಹಣಮಪ್ಪ. ನಾ ಸುಳ್ಳು ಬರದೀನಿ,” ಎಂದರು ಮಾಸ್ತರರು.

ಹಣಮಪ್ಪ ತಲೆಯಾಡಿಸಿದ. ಯಾಕೆ ಎಂದು ಕೇಳಲಿಲ್ಲ. ಬಿಸಿಲಲ್ಲೇ ತಿರುಗಿ ಹೋದ.

ತಪ್ಪೊಪ್ಪಿಗೆ ಅಚ್ಚು ಮಾಡಿರೆಂದು ಮಾಸ್ತರರು ಸಂಪಾದಕರಿಗೆ ಮೂರು ಕಾಗದ ಬರೆದರು. ಮೂರನೆಯದಕ್ಕೆ ಉತ್ತರ ಬಂತು. ಇಷ್ಟು ಚಿಕ್ಕ ಸಂಗತಿಗೆ ಪತ್ರಿಕೆಯ ಮಾನ ಕಳೆಯಲಾಗದು, ತಮ್ಮ ಬರಹದ ಬಗ್ಗೆ ಇಷ್ಟು ಚಿಂತೆ ಮಾಡುವುದು ಸಹ ಒಂದು ಬಗೆಯ ಅಹಂಕಾರ ಎಂದಿತ್ತು. ಆ ಮಾತು ಅವರಿಗೆ ನಾಟಿತು. ಅದರಲ್ಲಿ ಅಷ್ಟಿಷ್ಟು ನಿಜವೂ ಇತ್ತು.

ಆ ಸೀಮೆಗೆ ಬರುತ್ತಿದ್ದ ಪ್ರತಿಗಳು ಹತ್ತೊಂಬತ್ತು. ಯಾವುದು ಯಾರ ಮನೆಗೆ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಬೇಸಿಗೆ ರಜೆ ಬಂದ ಕೂಡಲೇ ಶಾಯಿ ಬಾಟಲಿ, ಬರೆಯುವ ಟಾಕು, ರೊಟ್ಟಿಯ ಗಂಟು ತೆಗೆದುಕೊಂಡು ಹೊರಟರು. ವಾಡಿಗೆ, ಸೇಡಂಗೆ ರೈಲು. ಚಿಂಚೋಳಿ ಕಡೆಗೆ ಸಿಕ್ಕರೆ ಬಂಡಿ, ಸಿಗದಿದ್ದರೆ ನಡಿಗೆ. ಪ್ರತಿ ಮನೆಯಲ್ಲೂ ಕೂತು, ಇದು ಸುಳ್ಳು, ನಾನೇ ಬರೆದದ್ದು ಎಂದು ಹೇಳಿ, ಆ ವಾಕ್ಯದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ದಸ್ತಖತ್ ಮಾಡುತ್ತಿದ್ದರು. ಕೆಲವರು ಚಹಾ ಕೊಟ್ಟು ನಕ್ಕರು. ಸುಲೇಪೇಟದಲ್ಲಿ ಪತ್ರಿಕೆಯ ಹಾಳೆ ಆಗಲೇ ಬೆಲ್ಲ ಕಟ್ಟಲು ಹೋಗಿತ್ತು. ಸೇಡಂನ ಉಪದೇಶಿಗೆ ಸಿಟ್ಟು ಬಂತು. ಇನ್ನು ನಿಮ್ಮ ಯಾವ ಮಾತನ್ನು ನಂಬಬೇಕು ಎಂದು ಕೇಳಿದರು. ಮಾಸ್ತರರು ಗೆರೆ ಎಳೆದು, ದಸ್ತಖತ್ ಮಾಡಿ ಎದ್ದರು.

ಕೊನೆಗೆ ಶಹಾಬಾದ. ನೆಲಕ್ಕೆ ಹಾಸುವ ಫರಸಿಕಲ್ಲಿನ ಖಣಿಯಲ್ಲಿ ದುಡಿಯುವವರ ಸಾಲುಮನೆಗಳಲ್ಲಿ ಒಂದು ಪ್ರತಿ ಇತ್ತು. ಅದು ರೂತಮ್ಮ ಎಂಬ ಹೆಂಗಸಿನ ಬಳಿ ಇದೆ ಎಂದರು. ಅವಳಿಗೆ ಓದಲು ಬರುತ್ತಿರಲಿಲ್ಲ. ಪಕ್ಕದ ಮನೆಯವರಿಂದ ಓದಿಸಿ ಓದಿಸಿ ಹಾಳೆ ಬಟ್ಟೆಯಂತೆ ಮೆತ್ತಗಾಗಿತ್ತು. ಮಾಸ್ತರರು ಬಂದ ಕಾರಣ ಹೇಳುತ್ತಲೇ ಅವಳು ಅದನ್ನು ಸೆರಗಿನೊಳಗೆ ಹಿಡಿದುಕೊಂಡಳು. ಅವಳ ಎಡಗಣ್ಣಿನ ಕೆಳಗೆ ಹಸಿರುಗಟ್ಟಿದ ಕಲೆಯಿತ್ತು.

“ಅದಕ್ಕ ಗೆರಿ ಹೊಡಿಬ್ಯಾಡ್ರಿ,” ಎಂದಳು. “ಆಕಿನೂ ನನ್ನಂಗ ಹೊಡ್ತ ತಿಂದಾಳ, ಆಕಿನೂ ತಡಕೊಂಡಾಳ ಅಂತ ಕೇಳೇ ನಾ ಇಷ್ಟು ದಿನ ಬಾವಿಗಿ ಬಿದ್ದಿಲ್ಲ.”

ಮಾಸ್ತರರು ತೆರೆದಿದ್ದ ಶಾಯಿ ಬಾಟಲಿಯನ್ನು ಮುಚ್ಚಿದರು. ಎದ್ದು ಹೋಗಬಹುದಿತ್ತು. ಹದಿನೇಳು ಪ್ರತಿ ತಿದ್ದಿದ್ದಾಗಿದೆ, ಒಂದು ಉಳಿದರೆ ಏನಾಯಿತು? ಆದರೆ ತಲೆ ಆಡಿಸಿ ಹೋದ ಆ ಮುದುಕ ಕಣ್ಣ ಮುಂದೆ ಬಂದ. ಎಸ್ತೇರವ್ವ ಒಂದು ಏಟೂ ತಿಂದವಳಲ್ಲ, ಆಕೆಯ ಗಂಡ ಹೊಳೆ ದಾಟಿಸಿದವನು ಎಂದು ನಿಜ ಹೇಳಿಬಿಟ್ಟರು. ರೂತಮ್ಮ ಪೂರ್ತಿ ಕೇಳಿದಳು. ಹೊಳೆ, ಹರಗೋಲು, ಬೇವಿನ ಗಿಡ. ಅಂಥ ಗಂಡಸರೂ ಇರುತ್ತಾರೆಂಬುದು ಅವಳಿಗೆ ಏಟಿಗಿಂತ ಹೆಚ್ಚು ನೋವು ಕೊಟ್ಟಂತೆ ಕಂಡಿತು. ಪತ್ರಿಕೆಯನ್ನು ಸೆರಗಿನಿಂದ ತೆಗೆದು ಅವರ ಕೈಯಲ್ಲಿಟ್ಟಳು.

“ಒಯ್ರಿ. ಇದು ನಂದಲ್ಲ.”

ಆ ಕಲೆ ಯಾರು ಮಾಡಿದ್ದು ಎಂದು ಮಾಸ್ತರರು ಮೆಲ್ಲಗೆ ಕೇಳಿದರು. ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮಾಸ್ತರರು ಅಲ್ಲಿಯ ಸಭೆಯ ಹಿರಿಯರಿಗೆ ಅವಳ ಸ್ಥಿತಿ ಹೇಳಿ, ಗಂಡನಿಗೆ ಬುದ್ಧಿ ಹೇಳಬೇಕೆಂದು ಬೇಡಿಕೊಂಡರು. ನೋಡೋಣ ಎಂದರು ಅವರು.

ವಾಡಿ ಸ್ಟೇಶನ್ನಿನಲ್ಲಿ ರೈಲು ಬದಲಿಸಲು ಕೂತಾಗ ಅವರಿಗೆ ಅಳು ಬಂತು. ಸುಳ್ಳು ಬರೆದು ಒಬ್ಬನನ್ನು ನೋಯಿಸಿದ್ದೆ, ನಿಜ ಹೇಳಿ ಒಬ್ಬಳನ್ನು ನೋಯಿಸಿದೆ. ಇದೇ ಏನು ದೇವರು ನನಗೆ ಒಪ್ಪಿಸಿದ ಕೆಲಸ ಎಂದು ಮನಸ್ಸು ಕೇಳುತ್ತಲೇ ಇತ್ತು.

ಎರಡು ವರ್ಷ ಅವರು ಏನೂ ಬರೆಯಲಿಲ್ಲ. ಪತ್ರಿಕೆಯಿಂದ ಮಿಶನ್ನಿಗೆ ದೂರು ಹೋಗಿತ್ತೋ ಏನೋ, ಕುಂಚಾವರಂ ಕಡೆಗೆ ವರ್ಗವಾಯಿತು. ಅಲ್ಲಿಯ ಮಕ್ಕಳು ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದರು. ಮಾರ್ಥಮ್ಮ ಒಮ್ಮೆಯೂ ಆಡಿಕೊಳ್ಳಲಿಲ್ಲ. ಹಲಗೆಯನ್ನು ಮಾತ್ರ ಒರೆಸಿ ಒರೆಸಿ ಇಡುತ್ತಿದ್ದಳು.

ಮೂವತ್ತೆಂಟರ ಕೊನೆಗೆ ಶಹಾಬಾದಿನಿಂದ ಬಂದ ಒಬ್ಬರು ರೂತಮ್ಮ ಕರೆದಿದ್ದಾಳೆ ಎಂದು ತಿಳಿಸಿದರು. ಹೋದರು. ಅವಳು ಈಗಲೂ ಅದೇ ಮನೆಯಲ್ಲಿದ್ದಳು, ಅದೇ ಗಂಡನೊಂದಿಗೆ. ಅವನು ಖಣಿಗೆ ಹೋದ ಹೊತ್ತು ನೋಡಿ ಕೂಡಿಸಿದಳು.

“ನಂದು ಬರಿರಿ. ಆದದ್ದು ಆದಂಗ.”

ಮೂರು ಹಗಲು ಅವಳು ಹೇಳಿದಳು, ಅವರು ಬರೆದರು. ಪ್ರಾರ್ಥನೆ ಬಿಟ್ಟ ದಿನಗಳನ್ನೂ ಹೇಳಿದಳು, ದೇವರನ್ನು ಬೈದದ್ದನ್ನೂ. ಒಂದು ಮಾತನ್ನೂ ಅವರು ಮೆತ್ತಗೆ ಮಾಡಲಿಲ್ಲ. ಮುಗಿದ ಮೇಲೆ ಓದಿ ತೋರಿಸಿದಾಗ ಎರಡು ಕಡೆ ತಿದ್ದಿಸಿದಳು. ಇದನ್ನು ಎಲ್ಲಿಗೂ ಕಳಿಸಬೇಡಿರಿ, ವರ್ಷಕ್ಕೊಮ್ಮೆ ಬಂದು ನನಗೆ ಓದಿ ಹೇಳಿರಿ ಎಂದಳು.

ಸುವಾರ್ತಪ್ಪ ಮಾಸ್ತರರು ಪ್ರತಿ ಬೇಸಿಗೆ ಹೋದರು. ಯುದ್ಧ ಬಂದು ಕಾಗದ ಸಿಗದಾದಾಗಲೂ ಹೋದರು. ನಲವತ್ತೇಳರ ಬೇಸಿಗೆಯಲ್ಲಿ ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಗಂಡ ಹಾಸಿಗೆ ಹಿಡಿದಿದ್ದ, ಅವನ ಗಂಜಿಯನ್ನೂ ಅವಳೇ ಕುಡಿಸುತ್ತಿದ್ದಳು. ಮರುವರ್ಷ ನಿಜಾಮರ ರಾಜ್ಯದ ಕೊನೆಗಾಲದ ಗಲಾಟೆಯಲ್ಲಿ ದಾರಿಗಳು ಕಟ್ಟಿಹೋದವು. ಹಸ್ತಪ್ರತಿ ಪೆಟ್ಟಿಗೆಯಲ್ಲಿತ್ತು. ರೈಲು ಮತ್ತೆ ಓಡಿದ ಸುದ್ದಿ ಬಂದ ದಿನ ಮಾಸ್ತರರು ಅದನ್ನು ಹೊರತೆಗೆದು, ಓದಿ ಹೇಳುವಾಗ ತಮ್ಮ ಮಬ್ಬಾದ ಕಣ್ಣಿಗೆ ಕಾಣುವಂತೆ ದಪ್ಪ ಅಕ್ಷರದಲ್ಲಿ ಮೊದಲ ಪುಟದಿಂದ ಹೊಸ ಪ್ರತಿ ಮಾಡಲು ಕೂತರು. ರೂತಮ್ಮ ಬದುಕಿದ್ದಾಳೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ.