ನಾನೇ ಎಳೆದ ಗೆರೆ

ಇವತ್ತು ಹೊಸೂರಿನಲ್ಲಿರುವ ಮಗಳ ಶಾಲೆಯಿಂದ ಫೋನ್ ಬಂತು. ಪಕ್ಕದ ಹುಡುಗಿಯ ಕೈ ಕಚ್ಚಿದ್ದಾಳಂತೆ, ಇದು ಮೂರನೇ ಸಲ. ಓಡಿಹೋಗಿ ಅವಳ ಮಿಸ್ ಎದುರು ಕೂತರೂ ನನ್ನ ಕಾಲು ಸುಮ್ಮನಿರಲಿಲ್ಲ. ಮೇಜಿನ ಮೇಲಿದ್ದ ಸೀಮೆಸುಣ್ಣದ ವಾಸನೆ ಮೂಗಿಗೆ ಬಡಿಯಿತು.

ಬಾಗಲೂರಿನ ಹತ್ತಿರದ ನಮ್ಮೂರ ಕನ್ನಡ ಶಾಲೆಯಲ್ಲಿ ನಾನೂ ಹೀಗೇ ಇದ್ದೆ. ಕೂತಲ್ಲಿ ಕೂರುತ್ತಿರಲಿಲ್ಲ, ಕೈಗೆ ಸಿಕ್ಕವರನ್ನು ಪರಚುತ್ತಿದ್ದೆ. ಒಂದು ದಿನ ಅಪ್ಪ ನನ್ನನ್ನು ದರದರ ಎಳೆದುಕೊಂಡು ಹೋಗಿ, "ಕಣ್ಣೆರಡು ಬುಟ್ಟು ಎಲ್ಲಿಗಾನಾ ಬಾರ್ಸಿ ಟೀಚರಮ್ಮ, ನಾನು ಕೇಳಕ್ಕೆ ಬರಲ್ಲ" ಅಂದರು. ಊರಿನ ಅಪ್ಪಂದಿರೆಲ್ಲ ಹೇಳುತ್ತಿದ್ದ ಮಾತೇ ಅದು. ನಾನು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡೆ.

ಟೀಚರಮ್ಮ ಬಾರಿಸಲಿಲ್ಲ. ಸೀಮೆಸುಣ್ಣ ಕೈಗಿಟ್ಟು, "ನಿಂಗೆಷ್ಟು ಜಾಗ ಬೇಕೋ ಗೆರೆ ಎಳ್ಕೊ. ಒಳಗೆ ಕುಣಿ, ಮಲಿಕ್ಕೊ. ದಾಟಿ ಬಂದು ಯಾರ ಮೈನೂ ಮುಟ್ಟಂಗಿಲ್ಲ" ಅಂದರು. ನಾನು ನೆಲದ ಮೇಲೆ ಅರ್ಧ ಕೋಣೆಯನ್ನೇ ಸುತ್ತುವರಿದು ಗೆರೆ ಎಳೆದುಕೊಂಡೆ.

"ಮಿಕ್ಕೋರು ಎಲ್ಲಿ ಕೂತ್ಕೋತಾರೆ, ನೋಡು."

ತಿರುಗಿ ನೋಡಿದರೆ ಎಲ್ಲರೂ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಲಂಗದ ಅಂಚಿನಿಂದ ಒರೆಸಿ ಗೆರೆಯನ್ನು ಚಿಕ್ಕದು ಮಾಡಿದೆ. ಬೆಳಿಗ್ಗೆ ಕಸ ಗುಡಿಸಿದಾಗ ಅದು ಅಳಿಸಿಹೋಗುತ್ತಿತ್ತು, ದಿನಾ ನಾನೇ ಮತ್ತೆ ಎಳೆಯುತ್ತಿದ್ದೆ. ದಾಟಿದ ದಿನ ಅವರು ಬೆರಳಲ್ಲಿ ಗೆರೆ ತೋರಿಸುತ್ತಿದ್ದರು, ಅಷ್ಟೇ.

ಇದನ್ನೇ ಮಗಳ ಮಿಸ್‌ಗೆ ಹೇಳಬೇಕೆಂದು ಬಾಯಿ ತೆರೆದೆ. ಅಲ್ಲಿಯತನಕ ತಮಿಳು ಆಡುತ್ತಿದ್ದ ನಾಲಿಗೆಗೆ ಬಂದದ್ದು ಅಪ್ಪನ ಮಾತು: "ಕಣ್ಣೆರಡು ಬುಟ್ಟು ಎಲ್ಲಿಗಾನಾ ಬಾರ್ಸಿ ಮಿಸ್."

ಪಕ್ಕದಲ್ಲಿ ನಿಂತಿದ್ದ ಮಗಳು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು.